ಎದೆ ಒಡೆಯಲಿ ಎಂದ ಮಾತು

ಆಡಿದ ಮಾತು ನೆಲಕ್ಕೆ ಬೀಳುವುದಿಲ್ಲ ಎಂದು ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಅದು ಕೂರಲು ಜಾಗ ಹುಡುಕುತ್ತಾ ಗಾಳಿಯಲ್ಲೇ ಅಲೆಯುತ್ತಿರುತ್ತದಂತೆ. ಗೋಪಾಲಪ್ಪ ತನ್ನ ತೋಟದ ಬೇಲಿ ಬಳಿ ನಿಂತು ಆಡಿದ ಮಾತು ಜಟ್ಟಿಂಗಪ್ಪನ ಎದೆಯ ಮೇಲೆ ಹೋಗಿ ಕೂತಿತು ಎಂದು ಆ ಊರು ಇವತ್ತಿಗೂ ನಂಬಿಕೊಂಡಿದೆ.

ಹೊಸನಗರ ತಾಲ್ಲೂಕು ಮುಗಿದು ತೀರ್ಥಹಳ್ಳಿ ತಾಲ್ಲೂಕು ಶುರುವಾಗುವ ಕಡೆ, ಕೋಣಂದೂರು ಪೇಟೆಗೆ ಹತ್ತಿರದ ಊರು ಅದು. ಗೋಪಾಲಪ್ಪನ ಅಪ್ಪ ಗೇಣಿಗೆ ಮಾಡುತ್ತಿದ್ದ ತೋಟ ಈಗ ಗೋಪಾಲಪ್ಪನದೇ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಹೋಗಿ ನೋಡಿದರೆ ಅಂಚಿನ ಸಾಲಿನ ಮರಗಳೆಲ್ಲ ಬೋಳು. ಕೊಯ್ಲಿಗೆ ಬಂದಿದ್ದ ಅಡಿಕೆ ಕೊನೆಗಳನ್ನು, ಅಂದರೆ ಗೊನೆಗಳನ್ನು, ಯಾರೋ ಇಳಿಸಿಕೊಂಡು ಹೋಗಿದ್ದರು. ಪೊಲೀಸರಿಗೆ ಹೇಳುವ ಮೊದಲು ಗೋಪಾಲಪ್ಪ ಮಾಡಿದ್ದು ನಮ್ಮ ಕಡೆ ಯಾರಾದರೂ ಮಾಡುವ ಕೆಲಸವನ್ನೇ. ‘ಈ ತೋಟಕ್ಕೆ ಸಿಗಂದೂರು ಚೌಡೇಶ್ವರಿ ಅಮ್ಮನವರ ಕಾವಲಿದೆ’ ಎಂದು ಬರೆದ ಬೋರ್ಡನ್ನು ತಂದು ಬೇಲಿಗೆ ಕಟ್ಟಿದ. ಆ ಬೋರ್ಡು ಇರುವ ತೋಟದಲ್ಲಿ ಉದುರಿದ ಅಡಿಕೆಯನ್ನೂ ಯಾರೂ ಹೆಕ್ಕುವುದಿಲ್ಲ. ಕಟ್ಟಿ ಸುಮ್ಮನೆ ಮನೆಗೆ ಹೋಗಿದ್ದರೆ ಆಗುತ್ತಿತ್ತು. ಹೊಟ್ಟೆಯ ಉರಿ ತಡೆಯದೆ, ಕೂಡಿದ್ದ ಜನರೆದುರು ಕೈಮುಗಿದು ಕೂಗಿದ.

“ತಾಯೀ, ಕದ್ದವನ ಎದೆ ಒಡೀಲಿ!”

ಮರ ಹತ್ತಲು ಬರದವನು ಕೊನೆ ಕದಿಯಲಾರ. ಹಾಗಾಗಿ ಅಲ್ಲಿದ್ದವರೆಲ್ಲ ಮರ ಹತ್ತುವವರ ಮುಖ ನೋಡಿದರು. ಜಟ್ಟಿಂಗಪ್ಪ ಆ ಸೀಮೆಗೆಲ್ಲ ಹೆಸರಾದ ಕೊನೆಗಾರ, ಅಂದರೆ ಅಡಿಕೆ ಮರ ಹತ್ತಿ ಕೊನೆ ಇಳಿಸುವವನು. ಅವನ ಮುಖವನ್ನೂ ನೋಡಿದರು. ಅವನು ತಲೆ ಕೆರೆದುಕೊಂಡು, “ನನ್ ಮುಖದಲ್ಲಿ ಎಂತ ಅಡಿಕೆ ಬಿಟ್ಟಿದ್ಯನಾ?” ಎಂದ. ಎಲ್ಲರೂ ನಕ್ಕರು. ಮಾತು ಅಲ್ಲಿಗೆ ಮುಗಿಯಿತು ಅನ್ನಿಸಿತು.

ಜಟ್ಟಿಂಗಪ್ಪನ ಎದೆಯ ಮೇಲೆ ಅಷ್ಟೊತ್ತಿಗಾಗಲೇ ಒಂದು ಗಂಟು ಇತ್ತು. ಮರವನ್ನು ಅಪ್ಪಿಕೊಂಡು ಹತ್ತುವವರ ಎದೆಯ ನಡುವೆ ಚರ್ಮ ದಡ್ಡುಗಟ್ಟಿರುತ್ತದೆ. ಕೊನೆಗಾರರು ಅದನ್ನು ಮರದ ಗುರುತು ಎನ್ನುತ್ತಾರೆ, ಪಟ್ಟ ಕಟ್ಟಿಸಿಕೊಂಡವರ ಹಾಗೆ ಅಂಗಿ ಬಿಚ್ಚಿ ತೋರಿಸುತ್ತಾರೆ. ಇವನ ಗುರುತು ಮಾತ್ರ ಬೆಳೆಯುತ್ತಾ ಹೋಗಿತ್ತು. ಹಿಂದಿನ ಮಳೆಗಾಲಕ್ಕೂ ಮೊದಲು, ಬಚ್ಚಲಲ್ಲಿ ನೀರು ಹೊಯ್ಯುವಾಗ ಹೆಂಡತಿ ಹಾಲಮ್ಮ ಕೇಳಿದ್ದಳು.

“ಎಂತ ಇದು, ನಿಂಬೆಕಾಯಿ ಗಾತ್ರ ಆಗಿದ್ಯಲ್ಲ?”

“ಮರದ ಗುರುತು ಕಣೆ.”

“ಈಗ ನೀವು ಮರ ಎಲ್ಲಿ ಹತ್ತೀರಿ? ಉದ್ದದ ಫೈಬರ್ ದೋಟಿ ಬಂದ್ಮೇಲೆ ನೆಲದ ಮೇಲೇ ನಿಂತು ಕೊನೆ ಎಳೀತೀರಿ. ಮರ ಬಿಟ್ಟ ಮೇಲೆ ಗುರುತು ಬೆಳೆಯೋದಾ?”

“ಮರಕ್ಕೂ ಬೇಜಾರು, ಅಪ್ಪಿಕೊಳ್ಳೋರು ಯಾರೂ ಇಲ್ಲ ಅಂತ. ಅದಕ್ಕೇ ಎದೆಗೆ ಬಂದು ಕೂತಿದೆ.”

ಹಾಲಮ್ಮ ಅಂಗೈ ಇಟ್ಟು ನೋಡಿದಳು. ತಣ್ಣಗಿತ್ತು. ಒತ್ತಿದರೆ ಅವನಿಗೆ ನೋವೂ ಇಲ್ಲ. ಕುರುವಾಗಿದ್ದರೆ ಸುಡಬೇಕಿತ್ತು, ಕೆಂಪಗಾಗಬೇಕಿತ್ತು. ಸುಡದ್ದು ಕೆಟ್ಟದ್ದಲ್ಲ ಎಂಬುದು ಅವಳ ತಾಯಿಯ ಕಾಲದಿಂದ ಬಂದ ಲೆಕ್ಕ. ಅವಳು ಮತ್ತೊಂದು ಚೆಂಬು ನೀರು ಹೊಯ್ದು ಸುಮ್ಮನಾದಳು.

ಪುಷ್ಯ ಮಾಸದ ಒಂದು ಮಧ್ಯಾಹ್ನ ಗೋಪಾಲಪ್ಪನ ಅಂಗಳದ ಚಪ್ಪರದಡಿ ಅಡಿಕೆ ಸುಲಿಯುತ್ತಿದ್ದರು. ಊರಿನ ಹೆಂಗಸರು ಗಂಡಸರು ಸಾಲಾಗಿ ಕೂತಿದ್ದರು. ಜಟ್ಟಿಂಗಪ್ಪನ ಪಕ್ಕದಲ್ಲಿ ದುರ್ಗೇಶ್ ಎಂಬ ಬಾಯಿಬಡುಕ ಕೂತು, ತನ್ನ ಹೆಂಡತಿ ಮೊಬೈಲಿಗೆ ಬೈಯುವ ಚಂದವನ್ನು ಅಭಿನಯಿಸಿ ಎಲ್ಲರನ್ನೂ ನಗಿಸುತ್ತಿದ್ದ. ಜಟ್ಟಿಂಗಪ್ಪ ಹೊಟ್ಟೆ ಹಿಡಿದುಕೊಂಡು ಮುಂದಕ್ಕೆ ಬಾಗಿ ನಕ್ಕ. ನಗುತ್ತಿದ್ದ ಹಾಗೇ ಎದೆಯಿಂದ ಹೊಟ್ಟೆಯ ಕಡೆಗೆ ತಣ್ಣಗೆ ಏನೋ ಇಳಿಯಿತು.

“ಜಟ್ಟಣ್ಣ, ಚಾ ಚೆಲ್ಕಂಡ್ಯಾ?” ಎಂದ ದುರ್ಗೇಶ್.

ಚಹಾ ಇನ್ನೂ ಬಂದಿರಲಿಲ್ಲ. ಜಟ್ಟಿಂಗಪ್ಪ ಅಂಗಿಯ ಗುಂಡಿ ಬಿಚ್ಚಿದ. ಗಂಟು ಇದ್ದ ಕಡೆ ಬಾಯಿ ತೆರೆದಿತ್ತು. ಒಡೆದ ಹಾಲಿನಂಥದ್ದು, ಬೆಳ್ಳಗೆ, ಗಸಿಗಸಿಯಾಗಿ ಇಳಿಯುತ್ತಿತ್ತು. ರಕ್ತವಿಲ್ಲ. ನೋವಿಲ್ಲ. ನೋವಿಲ್ಲದ್ದೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ತನ್ನ ಎದೆಯನ್ನು ಯಾರದೋ ಎದೆಯ ಹಾಗೆ ನೋಡುತ್ತಾ ಕೂತುಬಿಟ್ಟ.

ಸುಲಿಯುವ ಕತ್ತಿಗಳ ಸದ್ದು ಸಾಲಿನುದ್ದಕ್ಕೂ ಒಂದೊಂದಾಗಿ ನಿಂತಿತು. ಗೋಪಾಲಪ್ಪನ ತಾಯಿ ಕೆರಿಯಮ್ಮ, ಕಣ್ಣು ಮಂಜಾದ ಮುದುಕಿ, ಪಕ್ಕದವಳನ್ನು ಕೇಳಿ ತಿಳಿದುಕೊಂಡು ಮೆಲ್ಲಗೆ ಅಂದಳು.

“ಅಯ್ಯೋ ಶಿವನೆ. ಎದೆ ಒಡೀತಲ್ಲೆ.”

ಚಹಾದ ಪಾತ್ರೆ ಹಿಡಿದು ಒಳಗಿನಿಂದ ಬಂದ ಗೋಪಾಲಪ್ಪ ಹೊಸ್ತಿಲ ಮೇಲೇ ನಿಂತ. ಎಲ್ಲರೂ ಮೊದಲು ಜಟ್ಟಿಂಗಪ್ಪನನ್ನೂ ಆಮೇಲೆ ಅವನನ್ನೂ ನೋಡಿದರು. ಕಳ್ಳ ಸಿಕ್ಕಿದನೆಂಬ ಸಂತೋಷ ಅವನ ಮುಖದಲ್ಲಿ ಇರಲಿಲ್ಲ. ತಾನು ಎಸೆದ ಕಲ್ಲು ಮನುಷ್ಯನಿಗೆ ತಗುಲಿದ್ದನ್ನು ಕಂಡವನ ಹಾಗೆ ಬಿಳಿಚಿಕೊಂಡಿದ್ದ. ಹೆಂಗಸರ ಸಾಲಿನಲ್ಲಿ ಸುಲಿಯುತ್ತಿದ್ದ ಹಾಲಮ್ಮ ಎದ್ದು ಬಂದು, ಸೆರಗನ್ನು ಮುದ್ದೆ ಮಾಡಿ ಗಂಡನ ಎದೆಗೊತ್ತಿ ಎಬ್ಬಿಸಿಕೊಂಡು ಹೊರಟಳು. ಯಾರೂ ಜೊತೆಗೆ ಬರಲಿಲ್ಲ. ದುರ್ಗೇಶ್ ಕೂಡ.

ತೀರ್ಥಹಳ್ಳಿಯಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದರು. ಅವರು ಗಾಯ ತೊಳೆದು, ಮಾತ್ರೆ ಕೊಟ್ಟು, ಎದೆಯ ಎಕ್ಸ್‌ರೇ ತೆಗೆಸಿದರು. ಕಫ ಪರೀಕ್ಷೆಗೆಂದು ಡಬ್ಬಿ ಕೊಟ್ಟರು.

“ಕೆಮ್ಮೇ ಇಲ್ಲ ಸಾರ್. ಕಫ ಎಲ್ಲಿಂದ ತರ್ಲಿ?” ಎಂದ ಜಟ್ಟಿಂಗಪ್ಪ.

“ಬಂದಷ್ಟು ಕೊಡಿ.”

ಬಂದದ್ದು ಬರೀ ಉಗುಳು. ಅದರಲ್ಲಿ ಏನೂ ಸಿಗಲಿಲ್ಲ. ಎಕ್ಸ್‌ರೇಯಲ್ಲಿ ಶ್ವಾಸಕೋಶ ಎರಡೂ ಸ್ವಚ್ಛ. “ಟಿಬಿ ಅಲ್ಲ, ಹೆದರ್ಬೇಡಿ. ಚರ್ಮದ ಕೀವು, ಮಾಯುತ್ತೆ,” ಎಂದರು ಡಾಕ್ಟರು. ಮಾಯಲಿಲ್ಲ. ಎಷ್ಟು ಬಾರಿ ಬಟ್ಟೆ ಬದಲಿಸಿದರೂ ತೂತು ಒಸರುತ್ತಲೇ ಇತ್ತು. ಮೈ ಇಳಿಯಿತು, ಸಂಜೆಯಾದರೆ ಸಣ್ಣಗೆ ಜ್ವರ. ಕೊಯ್ಲು ಇನ್ನೂ ಮುಗಿಯದಿದ್ದರೂ ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಅಂಗಡಿಯ ಬೆಂಚಿನ ಮೇಲೆ ಅವನು ಕೂತರೆ ಉಳಿದವರಿಗೆ ಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು.

ಕೊನೆಗೆ ಅವನ ಮನೆಗೆ ಬಂದವನು ಗೋಪಾಲಪ್ಪನೇ. ಜಗಲಿಯ ಮೇಲೆ ಕೂರದೆ ನಿಂತೇ ಹೇಳಿದ.

“ಸಾಗರಕ್ಕೆ ಹೋಗಣ ಜಟ್ಟಿ. ನನ್ ಹೆಂಡ್ತಿ ಅಣ್ಣನ ಮಗಳು ಲಿಖಿತಾ ಅಲ್ಲಿ ಡಾಕ್ಟ್ರು. ನಂಗೆ ರಾತ್ರಿ ನಿದ್ದೆ ಇಲ್ಲ ಮಾರಾಯ.”

“ನಾ ಕದ್ದಿಲ್ಲ ಗೋಪಾಲಣ್ಣ.”

“ಅದನ್ನ ನಾ ಕೇಳಿದ್ನಾ? ಅಂಗಿ ಹಾಕ್ಕ.”

ಡಾಕ್ಟರ್ ಲಿಖಿತಾ ಗಾಯದ ಸುತ್ತ ಬೆರಳಾಡಿಸಿ, ಬೆರಳಿನ ಹಿಂಬದಿಯನ್ನು ಚರ್ಮಕ್ಕೆ ಹಾಗೇ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದಳು. ಇಷ್ಟು ಕೀವು ಸುರಿಯುವ ಜಾಗ ಇಷ್ಟು ತಣ್ಣಗಿರುವುದು ಅವಳಿಗೆ ಸರಿ ಕಾಣಲಿಲ್ಲ. ಸ್ಕ್ಯಾನ್ ಮಾಡಿಸಿ, ಪರದೆಯ ಮೇಲೆ ತೋರಿಸಿದಳು.

“ಇದು ಎದೆಮೂಳೆ, ಪಕ್ಕೆಲುಬೆಲ್ಲ ಮುಂದ್ಗಡೆ ಬಂದು ಸೇರೋ ಪಟ್ಟಿ. ಇಲ್ಲಿ ನೋಡಿ, ಗೆದ್ದಲು ತಿಂದ ಹಲಗೆ ಹಾಗಿದೆ.”

ಹಾಲಮ್ಮ ನೋಡಿದಳು. ಮೂವತ್ತು ವರ್ಷ ತಾನು ತಲೆಯಿಟ್ಟ ಎದೆ. ಒಳಗೆ ಕಪ್ಪು ಕಪ್ಪು ತೂತು.

“ಎಂತ ಇದು ಡಾಕ್ಟ್ರಮ್ಮ?”

“ಎರಡರಲ್ಲಿ ಒಂದು. ಟಿಬಿ ಇರಬಹುದು. ಶ್ವಾಸಕೋಶ ಮುಟ್ಟದೆ ಬರೀ ಮೂಳೆಗೆ ಹಿಡಿಯೋದು ಅಪರೂಪ, ಆದ್ರೆ ಉಂಟು. ಅದಾದ್ರೆ ವಾಸಿ ಆಗುತ್ತೆ.”

“ಇನ್ನೊಂದು?”

“ಇನ್ನೊಂದು ಆಗದೇ ಇರ್ಲಿ. ಮೂಳೆ ಚೂರು ತೆಗೆದು ಕಳಿಸ್ತೀನಿ. ರಿಪೋರ್ಟ್ ಬರೋ ತನಕ ಯಾರೂ ಏನೂ ತೀರ್ಮಾನ ಮಾಡ್ಕೋಬೇಡಿ.”

ರಿಪೋರ್ಟು ತಡವಾಯಿತು. ಕಾಯುವವರ ಮನೆಯಲ್ಲಿ ಹಗಲು ಉದ್ದ. ಒಂದು ಸಂಜೆ ದೀಪ ಹಚ್ಚಿ ಬಂದು ಹಾಲಮ್ಮ ಗಂಡನ ಎದುರು ಕೂತಳು. ಕೇಳಬಾರದೆಂದು ತುಟಿ ಕಚ್ಚಿಕೊಂಡಿದ್ದ ಮಾತು ಅದಾಗಿಯೇ ಬಂತು.

“ನನ್ ತಲೆ ಮುಟ್ಟಿ ಹೇಳಿ. ಆ ಕೊನೆ ತೆಗ್ದಿದ್ರಾ?”

ಜಟ್ಟಿಂಗಪ್ಪನಿಗೆ ಎದೆ ಒಡೆದ ದಿನ ಆಗದಿದ್ದ ನೋವು ಆಗ ಆಯಿತು. ಬೈಯುತ್ತಾನೆ ಎಂದುಕೊಂಡಿದ್ದಳು ಹಾಲಮ್ಮ. ಅವನು ಬೈಯಲಿಲ್ಲ.

“ಇಲ್ಲ ಅಂತ್ಲೇ ಇದ್ದೆ ಕಣೆ. ಈಗೀಗ ಕನಸಲ್ಲಿ ಆ ಮರ ಹತ್ತಿ ಇಳೀತಿರ್ತೀನಿ. ದೇವಿ ಸುಮ್ಸುಮ್ನೆ ಮಾಡ್ತಾಳಾ? ಎಲ್ಲೋ ನಾನೇ ಮಾಡಿ ಮರ್ತಿರ್ಬೇಕು.”

“ಎಂತ ಹೇಳ್ತಿದೀರಿ ನೀವು?”

“ಸಿಗಂದೂರಿಗೆ ಹೋಗಿ ತಪ್ಪು ಕಾಣಿಕೆ ಹಾಕಿ ಬರ್ತೀನಿ. ಒಪ್ಕೊಂಡ್ರೆ ಬಿಡ್ತಾಳೆ.”

ತಪ್ಪು ಕಾಣಿಕೆ ಎಂದರೆ ಮಾಡಿದ ತಪ್ಪನ್ನು ದೇವರೆದುರು ಬಾಯಿಬಿಟ್ಟು ಹೇಳಿ ಹುಂಡಿಗೆ ಹಾಕುವ ಕಾಣಿಕೆ. ಗಂಡ ಉಳಿಯುವುದಾದರೆ ಯಾವ ಬಾಗಿಲಾದರೂ ಸರಿ ಎನ್ನುವ ಸ್ಥಿತಿಗೆ ಹಾಲಮ್ಮನೂ ಬಂದಿದ್ದಳು.

ಮಂಗಳವಾರ ಹೊರಟರು. ಗಾಡಿ ಗೋಪಾಲಪ್ಪನದು. ದುರ್ಗೇಶನೂ ಹರಕೆಯೊಂದಿದೆ ಎಂದು ಹತ್ತಿಕೊಂಡ. ಶರಾವತಿ ಹಿನ್ನೀರಿನ ಮೇಲಿನ ಹೊಸ ಸೇತುವೆ ದಾಟುವಾಗ ಅವನು, “ಮೊದ್ಲಿನಂಗೆ ಲಾಂಚಲ್ಲಿ ನೀರು ದಾಟೋದಾಗಿದ್ರೆ ಅರ್ಧ ದಿನ ಕಾಯ್ಬೇಕಿತ್ತು. ಈಗ ದೇವಿ ಕರ್ದ್ರೆ ಕ್ಷಣದಲ್ಲಿ,” ಎಂದ.

ಸನ್ನಿಧಿಯಲ್ಲಿ ಜನ ಇದ್ದರು. ಜಟ್ಟಿಂಗಪ್ಪ ಸಣ್ಣಗೆ ಹೇಳಿಕೊಳ್ಳುತ್ತಾನೆ ಎಂದು ಗೋಪಾಲಪ್ಪ ಅಂದುಕೊಂಡಿದ್ದ. ಆದರೆ ಹೆದರಿದವನಿಗೆ ತನ್ನ ದನಿಯ ಅಳತೆ ಇರುವುದಿಲ್ಲ. ಹುಂಡಿಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಮರದ ತುದಿಯಿಂದ ಕೆಳಗಿನವರಿಗೆ ಕೂಗುವ ಹಾಗೆ ಕೂಗಿದ.

“ತಪ್ಪಾಯ್ತು ತಾಯೀ. ಗೋಪಾಲಣ್ಣನ ತೋಟದ ಕೊನೆ ನಾನೇ ತೆಗ್ದೆ.”

ಹಿಂದೆ ನಿಂತಿದ್ದ ದುರ್ಗೇಶ್ ಕೆನ್ನೆ ಬಡಿದುಕೊಂಡ. ಹಾಲಮ್ಮನಿಗೆ ಮಾತ್ರ, ಅದೇನು ಕಾರಣವೋ, ಆ ಕ್ಷಣದಲ್ಲೇ ತಿಳಿದುಹೋಯಿತು. ಇವನು ಕದ್ದಿಲ್ಲ. ಕದ್ದವನು ಹೀಗೆ ಕೂಗುವುದಿಲ್ಲ.

ಹಿಂದಕ್ಕೆ ಬರುವಾಗ ಸೇತುವೆಯ ನಡುವೆ ಗೋಪಾಲಪ್ಪನ ಫೋನು ಬಡಿದುಕೊಂಡಿತು. ಗಾಡಿ ಪಕ್ಕಕ್ಕೆ ನಿಲ್ಲಿಸಿ ಸ್ಪೀಕರಿಗೆ ಹಾಕಿದ.

“ಮಾವಾ, ರಿಪೋರ್ಟ್ ಬಂತು. ಟಿಬಿನೇ. ಎದೆಮೂಳೆ ಟಿಬಿ. ಕ್ಯಾನ್ಸರ್ ಅಲ್ಲ! ಅವ್ರಿಗೆ ಹೇಳಿ, ವಾಸಿ ಆಗತ್ತೆ.”

ಹಾಲಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅದು ಯಾವ ಅಳು ಎಂದು ಅವಳಿಗೇ ಗೊತ್ತಿರಲಿಲ್ಲ. ದುರ್ಗೇಶನನ್ನು ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ ಮೂವರೂ ಡಾಕ್ಟರ ಬಳಿ ಹೋದರು.

“ಈ ರೋಗದ ಬೀಜ ಉಸಿರಲ್ಲಿ ಯಾವತ್ತೋ ಒಳಗೆ ಹೋಗಿರುತ್ತೆ,” ಎಂದಳು ಲಿಖಿತಾ. “ಎಷ್ಟೋ ವರ್ಷ ಸುಮ್ನೆ ಮಲಗಿರುತ್ತೆ. ನಿಮ್ಮಲ್ಲಿ ಎದ್ದಿದ್ದು ಮೂಳೇಲಿ. ಅದಕ್ಕೇ ಕೆಮ್ಮಿಲ್ಲ, ಕಫದಲ್ಲಿ ಸಿಕ್ಲಿಲ್ಲ. ಈ ಬಾವು ಸುಡಲ್ಲ, ನೋಯಲ್ಲ, ಅದಕ್ಕೇ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಒಳಗೆ ತುಂಬಿ ತುಂಬಿ ಒಂದಿನ ಚರ್ಮ ಒಡೆಯುತ್ತೆ.”

“ಇದು ಶುರುವಾಗಿ ಎಷ್ಟು ಕಾಲ ಆಗಿರ್ಬೌದು?” ಎಂದು ಗೋಪಾಲಪ್ಪ ಕೇಳಿದ.

“ಮೂಳೆ ಇಷ್ಟು ಸವೀಬೇಕು ಅಂದ್ರೆ ವರ್ಷದ ಹತ್ರ. ಗಂಟು ಮೊದ್ಲೇ ಇತ್ತಾ?”

“ಮಳೆಗಾಲಕ್ಕೂ ಮುಂಚೆ ನಾನೇ ಕೈಯಿಟ್ಟು ನೋಡಿದ್ದೆ,” ಎಂದಳು ಹಾಲಮ್ಮ.

ಗೋಪಾಲಪ್ಪ ಕುರ್ಚಿಯ ಹಿಡಿ ಹಿಡಿದುಕೊಂಡ. “ನಾ ಬಾಯಿ ಬಿಟ್ಟಿದ್ದು ದೀಪಾವಳಿ ಆದ್ಮೇಲೆ.”

ಜಟ್ಟಿಂಗಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಆಮೇಲೆ ಮಗುವಿನ ಹಾಗೆ ಕೇಳಿದ.

“ಡಾಕ್ಟ್ರಮ್ಮ, ಬೆಳಿಗ್ಗೆನೇ ಫೋನ್ ಮಾಡ್ಬಾರ್ದಿತ್ತಾ?”

ಲಿಖಿತಾಗೆ ಅರ್ಥವಾಗಲಿಲ್ಲ. ಹುಂಡಿಯೆದುರಿನ ಆ ಕೂಗನ್ನು ಕೇಳಿದ್ದ ಇಬ್ಬರಿಗೆ ಅರ್ಥವಾಯಿತು.

ಇವರು ಊರು ಮುಟ್ಟುವ ಮೊದಲೇ ದುರ್ಗೇಶನ ಬಾಯಿಂದ ತಪ್ಪೊಪ್ಪಿಗೆಯ ಸುದ್ದಿ ಮುಟ್ಟಿತ್ತು. ಗೋಪಾಲಪ್ಪ ಮನೆಮನೆಗೆ ಹೇಳಿದ, ಕೂಗಾಡಿದ. ಶಾಪಕ್ಕಿಂತ ಮೊದಲೇ ರೋಗ ಇತ್ತು, ಡಾಕ್ಟ್ರೇ ಹೇಳಿದಾರೆ ಎಂದ. ಜನ ತಲೆಯಾಡಿಸಿ ಕೇಳಿಕೊಂಡರು. ಅಂಗಡಿ ಬೆಂಚಿನ ಮೇಲೆ ದುರ್ಗೇಶ್ ಒಂದೇ ಮಾತಿನಲ್ಲಿ ಮುಗಿಸಿದ.

“ಎಲ್ಲಾ ಸರಿ ಗೋಪಾಲಣ್ಣ. ಅಮ್ಮನೆದುರು ಸುಳ್ಳು ಯಾರು ಹೇಳ್ತಾರೆ?”

ಕದ್ದಿದ್ದರೆ ಜಟ್ಟಿಂಗಪ್ಪ ಕಳ್ಳ. ಕದ್ದಿಲ್ಲವಾದರೆ ದೇವಿಯೆದುರು ಸುಳ್ಳು ನುಡಿದವನು. ಎರಡನೆಯದಕ್ಕಿಂತ ಮೊದಲನೆಯದನ್ನು ನಂಬುವುದು ಜನಕ್ಕೆ ಸುಲಭವಾಯಿತು, ಬಹುಶಃ ಅವನ ಮೇಲಿನ ಪ್ರೀತಿಯಿಂದಲೇ. ದೇವಿ ಏನೆಂದುಕೊಂಡಳೋ ದೇವಿಗೇ ಗೊತ್ತು. ಅವಳು ಮಾತಿನ ಹಿಂದಿರುವ ಮನಸ್ಸನ್ನು ನೋಡುವವಳು ಎಂಬ ನಂಬಿಕೆ ಇಲ್ಲದಿದ್ದರೆ ನಮ್ಮಂಥವರು ಗುಡಿಯ ಮೆಟ್ಟಿಲು ಹತ್ತುವುದಾದರೂ ಹೇಗೆ?

ಮಾತ್ರೆ ಶುರುವಾಯಿತು. ಆಶಾ ಕಾರ್ಯಕರ್ತೆ ತನುಜಾ ತಂದುಕೊಟ್ಟು, ಒಂದು ದಿನವೂ ತಪ್ಪಿಸಬಾರದು, ವರ್ಷದ ಮಟ್ಟಿಗೆ ನುಂಗಬೇಕು ಎಂದು ಹೇಳಿ ಹೋದಳು. ಮಾತ್ರೆ ಕೆಲಸ ಮಾಡಿತು. ಜ್ವರ ಬಿಟ್ಟಿತು, ಊಟ ಸೇರಿತು, ತೂತಿನ ಅಂಚು ಒಳಗೊಳಗೇ ಕೂಡತೊಡಗಿತು. ಹಾಲಮ್ಮನಿಗೆ ಜೀವ ಬಂದಂತಾಯಿತು.

ಊರವರಿಗೂ ಸಂತೋಷವಾಯಿತು. ಕೆರಿಯಮ್ಮ ಕೋಲೂರಿಕೊಂಡು ಬಂದು ಅವನ ತಲೆ ಸವರಿದಳು.

“ನೋಡ್ದ್ಯಾ ಮಗ, ಒಪ್ಕಂಡೆ, ತಾಯಿ ಬಿಟ್ಳು. ಗಾಯ ಮಾಯ್ತಾ ಬಂತು. ಇನ್ಮೇಲೆ ಪರರ ವಸ್ತು ಮುಟ್ಬೇಡ ಆಯ್ತಾ?”

ಒಳಗಿದ್ದ ಹಾಲಮ್ಮ ಕೈಯಲ್ಲಿದ್ದ ಸೌಟು ಹಿಡಿದೇ ನಿಂತಳು. ಜಟ್ಟಿಂಗಪ್ಪ ಮುದುಕಿಯ ಪಾದ ಮುಟ್ಟಿದ. ಅವತ್ತಿನಿಂದ ಅವನು ಮಾತ್ರೆ ನುಂಗಲು ಹಿತ್ತಲ ಕಡೆ ಹೋಗತೊಡಗಿದ. ಬಾವಿಕಟ್ಟೆ ಹತ್ತಿರ ನಿಂತು ನುಂಗಿದರೆ ವಾಕರಿಕೆ ಬರಲ್ಲ ಎಂದ. ಅವಳು ನಂಬಿದಳು.

ಕೆಲವು ವಾರದಲ್ಲಿ ಗಾಯದ ಬಾಯಿ ಮತ್ತೆ ಒದ್ದೆಯಾಯಿತು. ಸಾಗರದಲ್ಲಿ ಲಿಖಿತಾ ಹುಬ್ಬು ಗಂಟಿಕ್ಕಿ ಕೇಳಿದಳು, “ಮಾತ್ರೆ ಸರಿಯಾಗಿ ತಗೊಳ್ತಿದೀರಾ? ಅರ್ಧಕ್ಕೆ ಬಿಟ್ರೆ ರೋಗ ಮಾತ್ರೆಗೇ ಬಗ್ಗದ ಹಾಗೆ ಆಗಿಬಿಡುತ್ತೆ. ಆಮೇಲೆ ನನ್ ಕೈಲಿ ಇರಲ್ಲ.” ಜಟ್ಟಿಂಗಪ್ಪ ಹೂಂ ಎಂದ.

ಮನೆಗೆ ಬಂದ ಮರುದಿನ ಬೆಳಿಗ್ಗೆ ಹಾಲಮ್ಮ ಹಿತ್ತಲು ಗುಡಿಸುತ್ತಾ, ಗೋಡೆಗೆ ಒರಗಿಸಿದ್ದ ಫೈಬರ್ ದೋಟಿಯನ್ನು ಪಕ್ಕಕ್ಕಿಡಲು ಎತ್ತಿದಳು. ಒಳಗೆ ಏನೋ ಗಲಗಲ ಎಂದಿತು. ದೋಟಿ ಪೊಳ್ಳು. ಬುಡದ ಬಿರಡೆ ತೆಗೆದು ಓರೆ ಮಾಡಿದಳು. ಮಾತ್ರೆಗಳು ಆಲಿಕಲ್ಲಿನ ಹಾಗೆ ಅವಳ ಕಾಲ ಬಳಿ ಸುರಿದವು.

ಅವಳು ಕೂಗಲಿಲ್ಲ. ಸೆರಗಿನಲ್ಲಿ ತುಂಬಿಕೊಂಡು ಬಂದು ಅವನೆದುರು ಸುರಿದಳು.

“ಇದೆಂತ?”

ಜಟ್ಟಿಂಗಪ್ಪ ತಲೆ ಎತ್ತಲಿಲ್ಲ. “ಗಾಯ ಮಾಯ್ದಷ್ಟೂ ನಾ ಕಳ್ಳ ಆಗ್ತೀನಿ ಕಣೆ. ಪೂರ್ತಿ ಮಾಯ್ದ್ರೆ ಪೂರ್ತಿ ಕಳ್ಳ. ಒಸರ್ತಾನೇ ಇದ್ರೆ, ತಪ್ಪು ಕಾಣಿಕೆ ಹಾಕಿದ್ರೂ ವಾಸಿಯಾಗ್ಲಿಲ್ಲ, ಹಂಗಾರೆ ಅವ ಕದ್ದಿಲ್ಲ ಅಂತಾರೆ. ಒಬ್ಬರಾದ್ರೂ ಅಂತಾರೆ.”

ಹಾಲಮ್ಮ ಸುರಿದ ಮಾತ್ರೆಗಳ ಪಕ್ಕದಲ್ಲೇ ಕೂತಳು. ತೂತು ಬಿದ್ದ ಎದೆಮೂಳೆಯನ್ನು ಪರದೆಯ ಮೇಲೆ ಕಂಡಾಗಲೂ ಇಷ್ಟು ಹೆದರಿರಲಿಲ್ಲ. ಇಷ್ಟು ದಿನ ತಾನು ಅನ್ನ ಬಡಿಸಿದ್ದು, ಬಟ್ಟೆ ಬದಲಿಸಿದ್ದು ಸಾಯಲು ಹೊರಟವನಿಗೆ.

“ಸತ್ತ ಮೇಲೆ ಒಳ್ಳೆಯವ ಅಂತಾರೆ. ಅದನ್ನ ಕೇಳೋಕೆ ಯಾರಿರ್ತಾರೆ, ನೀವಿರ್ತೀರಾ?”

“ನೀ ಇರ್ತೀಯಲ್ಲ. ಕಳ್ಳನ ಹೆಂಡ್ತಿ ಅನ್ನಿಸ್ಕೊಂಡು ಬದುಕ್ಬಾರ್ದು ನೀನು.”

“ಹಾಂ, ನನಗೋಸ್ಕರವಾ ಇದು?” ಅವಳ ದನಿ ಒಮ್ಮೆಲೇ ಏರಿತು. “ಕೇಳಿ ಇಲ್ಲಿ. ಸತ್ಯವಂತನ ಮುಂಡೆ ಆಗೋ ಆಸೆ ನನಗಿಲ್ಲ. ಕಳ್ಳನ ಹೆಂಡ್ತಿ ಅಂತಾರಾ, ಅನ್ನಲಿ. ಆ ದುರ್ಗೇಶ ದಿನಾ ಬೆಳಿಗ್ಗೆ ಮನೆ ಬಾಗಿಲಿಗೆ ಬಂದು ಕೂಗ್ಲಿ. ಚಾ ಮಾಡಿ ಕೊಡ್ತೀನಿ ಅವನಿಗೆ, ಗಂಟಲು ಒಣಗುತ್ತೆ ಪಾಪ ಅಂತ.”

ಜಟ್ಟಿಂಗಪ್ಪನ ಮುಖದಲ್ಲಿ ಏನೋ ಅಲುಗಿತು. ನಗುವೋ ಅಳುವೋ ಆಗುವ ಮೊದಲೇ ಅವನು ಕೇಳಿದ.

“ದೇವಿ ಮುಂದೆ ಸುಳ್ಳು ಹೇಳಿದೆನಲ್ಲೆ. ಅದಕ್ಕೆಂತ ಮಾಡ್ಲಿ?”

“ಅದನ್ನ ನೀವೂ ಅವಳೂ ಕೂತು ಬಗೆಹರಿಸ್ಕೊಳ್ಳಿ. ಅದಕ್ಕೂ ಜೀವ ಇರ್ಬೇಕಲ್ಲ!”

ಅವಳು ಎದ್ದು ಹೋಗಿ ತನುಜಾ ಕೊಟ್ಟಿದ್ದ ಹೊಸ ಮಾತ್ರೆ ಬಿಡಿಸಿ ತಂದಳು, ಚೆಂಬಿನಲ್ಲಿ ನೀರು ತಂದಳು. ಅವನು ಅವಳ ಅಂಗೈ ನೋಡಿ ಕೈ ಚಾಚಿದ. ಒಂದೊಂದನ್ನೇ ಬಾಯಿಗೆ ಹಾಕಿಕೊಂಡು ನೀರು ಕುಡಿದ. ಗಂಟಲಮಣಿ ಮೇಲೆ ಹೋಗಿ ಕೆಳಗಿಳಿಯಿತು.

ಹಾಲಮ್ಮ ಅಷ್ಟಕ್ಕೇ ನಂಬಲಿಲ್ಲ.

“ಬಾಯಿ ತೆಗೀರಿ,” ಎಂದಳು. “ನಾಲಿಗೆ ಎತ್ತಿ.”